ಖುರಿಯ ಮರಳಲ್ಲಿ ಕಸಬರಿಗೆ ಹಿಡಿದು ಆರು ರಾತ್ರಿ

ಹುಣ್ಣಿಮೆ

ಟಿಕೆಟ್ ಮಾಡಿಸಿದ್ದು ಪಾಟೀಲ ಸರ್. "ಶೀಗಿ ಹುಣ್ಣಿವಿ ರಾತ್ರಿ ಮರಳುಗಾಡು ನೋಡಬೇಕ್ರಿ. ಹಾಲು ಚೆಲ್ಲಿದಂಗ ಇರತದಂತ" ಎಂದು ತಿಂಗಳ ಮುಂಚೆಯೇ ದಿನ ಗೊತ್ತು ಮಾಡಿಬಿಟ್ಟಿದ್ದರು. ಧಾರವಾಡದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು ಅವರು. ಅಲ್ಲೇ ಜೀವಶಾಸ್ತ್ರ ಕಲಿಸುವವನು ನಾನು. ನನಗೆ ಹಾಲು ಬೇಕಿರಲಿಲ್ಲ, ಚೇಳು ಬೇಕಿತ್ತು. ಮರುಭೂಮಿಯ ಚೇಳು, ಜೇಡ, ಜೀರುಂಡೆ ನೋಡಬೇಕೆನ್ನುವವನು ಹುಣ್ಣಿಮೆಗೆ ಹೋಗುವುದೆಂದರೆ ಸಂತೆ ಮುಗಿದ ಮೇಲೆ ಚೀಲ ಹಿಡಿದು ಹೋದ ಹಾಗೆ. ಗೊತ್ತಿದ್ದೂ ಸುಮ್ಮನಿದ್ದೆ. ಹಿರಿಯರು ತಾವೇ ಟಿಕೆಟಿನ ದುಡ್ಡು ಕೊಟ್ಟಾಗ ಪಂಚಾಂಗ ತೆಗೆದು ವಾದ ಮಾಡಲಾದೀತೇ?

ಹುಬ್ಬಳ್ಳಿಯಲ್ಲಿ ಜೋಧಪುರದ ರೈಲು ಹತ್ತಿ, ಅಲ್ಲಿಂದ ರಾತ್ರಿ ಗಾಡಿಗೆ ಜೈಸಲ್ಮೇರ್, ಮತ್ತೆ ಜೀಪಿನಲ್ಲಿ ನಲವತ್ತು ಚಿಲ್ಲರೆ ಕಿಲೋಮೀಟರ್ ನೈಋತ್ಯಕ್ಕೆ ಖುರಿ. ಜೈಸಲ್ಮೇರಿನ ಕೋಟೆ ನಮ್ಮ ಪಾಲಿಗೆ ಜೀಪಿನ ಕಿಟಕಿಯಲ್ಲೇ ಮುಗಿಯಿತು. ಏಜೆಂಟನೊಬ್ಬ "ಕತ್ತಲ ಆಕಾಶ ಸಿಗುವ ಡೇರೆ" ಎಂದು ಹೇಳಿ ಕಳಿಸಿದ್ದ ಜಾಗದಲ್ಲಿ ಮದುವೆ ಮಂಟಪದಷ್ಟು ದೀಪ, ಜೊತೆಗೆ ಡಿಜೆ. ಮುಂಗಡ ಹೋದರೆ ಹೋಗಲಿ ಎಂದು ಚೀಲ ಎತ್ತಿಕೊಂಡು ದಿಬ್ಬಗಳಾಚೆಯ ಢಾಣಿಯೊಂದಕ್ಕೆ ಬಂದೆವು. ಢಾಣಿ ಎಂದರೆ ಹೊಲಗಳ ನಡುವೆ ನಾಲ್ಕಾರು ಮನೆ, ಒಂದು ದನದ ಚಪ್ಪರ, ಒಂದು ನೀರಿನ ಟಾಕಿ. ಯಜಮಾನರಿಗೆ ಎಲ್ಲರೂ ಬಾಸಾ ಎನ್ನುತ್ತಾರೆ. ನಾವೂ ಹಾಗೇ ಕರೆದೆವು. ಎಪ್ಪತ್ತು ದಾಟಿದ ರಜಪೂತ ಮುದುಕರು, ಕಿವಿ ಚುರುಕು, ಮಾತು ಕಡಿಮೆ.

ಸೂರ್ಯ ಮುಳುಗುವ ಮೊದಲೇ ಚಂದ್ರ ಮೂಡಿ ಕೂತಿದ್ದ. ಅಂಗಳದಲ್ಲಿ ಖೀರಿನ ಪಾತ್ರೆಗೆ ತೆಳು ಬಟ್ಟೆ ಕಟ್ಟಿ ಬೆಳದಿಂಗಳಿಗೆ ಇಟ್ಟಿದ್ದರು; ಈ ಹುಣ್ಣಿಮೆಗೆ ಇಲ್ಲಿ ಹಾಗೆ ಪದ್ಧತಿ. ಪಾಟೀಲ ಸರ್ ಹೇಳಿದ್ದೇನೂ ಸುಳ್ಳಲ್ಲ. ಮರಳಿನ ಪ್ರತಿ ಸುಕ್ಕೂ ಕಾಣುತ್ತಿತ್ತು, ಕೈಗಡಿಯಾರದ ಮುಳ್ಳೂ. ತುಂಬು ಚಂದ್ರನ ಬೆಳಕು ಅಬ್ಬಬ್ಬಾ ಎಂದರೆ 0.3 ಲಕ್ಸ್. ಬರೀ ನಕ್ಷತ್ರಗಳ ಬೆಳಕು ಅದರ ನೂರರಲ್ಲೊಂದು ಪಾಲೂ ಇರುವುದಿಲ್ಲ. ನಮಗೆ ಎರಡೂ ರಾತ್ರಿಯೇ, ಗೂಬೆಗೆ ಹಾಗಲ್ಲ. ಗೂಬೆಗೆ ಹಾಗಲ್ಲವೆಂದ ಮೇಲೆ ಚೇಳಿಗೂ ಹಾಗಲ್ಲ.

ಟಾರ್ಚ್ ತೆಗೆದೆ. ಇದು ನೇರಳಾತೀತ ಬೆಳಕಿನದು, 365 ನ್ಯಾನೋಮೀಟರ್. ನೋಟು ಪರೀಕ್ಷಿಸುವ ಅಗ್ಗದ ಟಾರ್ಚುಗಳಲ್ಲಿ ಕಣ್ಣಿಗೆ ಕಾಣುವ ನೇರಳೆಯೂ ಬೆರೆತು ಎಲ್ಲವನ್ನೂ ಬಳಿದುಬಿಡುತ್ತದೆ. ಇದರ ಬೆಳಕು ಬಿದ್ದರೆ ಚೇಳು ಹಸಿರು–ನೀಲಿಯಾಗಿ ಉರಿಯುತ್ತದೆ. ಹೊಳೆಯುವುದು ಚೇಳಿನ ಹೊರಚರ್ಮದಲ್ಲಿರುವ ರಾಸಾಯನಿಕ. ಬಿಟ್ಟುಹೋದ ಪೊರೆಯೂ ಹೊಳೆಯುತ್ತದೆ, ಈಗಷ್ಟೇ ಪೊರೆ ಕಳಚಿದ ಮೆತ್ತನೆಯ ಚೇಳು ಮಾತ್ರ ಹೊಳೆಯದು.

ದಿಬ್ಬದ ಬುಡದುದ್ದಕ್ಕೂ ಇನ್ನೂರು ಹೆಜ್ಜೆ ಹೋಗಿ ಬಂದೆವು. ಸಿಕ್ಕಿದ್ದು ಎರಡು. ಎರಡೂ ಫೋಗ ಪೊದೆಯ ಕೆಳಗೆ, ಒಂದರ ಅರ್ಧ ಮೈ ಬೇರಿನ ಸಂದಿಯಲ್ಲಿ.

"ಎರಡ ಚೇಳಿಗೆ ಎರಡು ಸಾವಿರ ಕಿಲೋಮೀಟರ್ ಬಂದಿವೇನ್ರಿ?" ಎಂದರು ಪಾಟೀಲ ಸರ್. ಖೀರು ಚೆನ್ನಾಗಿತ್ತು.

ಪಾಡ್ಯ

ಬೆಳಗಿನ ಊಟಕ್ಕೆ ಸಜ್ಜೆಯ ರೊಟ್ಟಿ, ಕೇರ್–ಸಾಂಗರಿ ಪಲ್ಯ. ಸಾಂಗರಿ ಎಂದರೆ ಖೇಜಡಿ ಮರದ ಕಾಯಿ, ಖೇಜಡಿ ಎಂದರೆ ನಮ್ಮ ಬನ್ನಿ. ಐದಾರು ದಿನದ ಹಿಂದಷ್ಟೇ ಊರಲ್ಲಿ "ಬನ್ನಿ ತೊಗೊಂಡು ಬಂಗಾರದಂಗ ಇರೂಣು" ಎಂದು ಎಲೆ ಹಂಚಿ ಬಂದಿದ್ದೆವು. ಇಲ್ಲಿ ಅದರ ಕಾಯಿ ಮನುಷ್ಯರಿಗೆ, ಸೊಪ್ಪು ಆಡಿಗೆ. ನಾವು ತಂದಿದ್ದ ಶೇಂಗಾ ಚಟ್ನಿ ಅವರ ಮನೆಯ ಹುಡುಗರ ಕೈಯಲ್ಲಿ ಎರಡೇ ದಿನಕ್ಕೆ ಖಾಲಿಯಾಯಿತು, ಅದು ಬೇರೆ ಮಾತು.

ರಾತ್ರಿ ಚಂದ್ರ ಆರೂ ನಲವತ್ತಕ್ಕೆ ಬಂದ. ಸಂಜೆಯ ಬೆಳಕು ಆರುವ ಮೊದಲೇ ಬೆಳದಿಂಗಳು ಶುರುವಾಗಿ ನಡುವೆ ಕತ್ತಲೆಯೇ ಇಲ್ಲ. ಮೂರು ಚೇಳು.

ನಾನು ಪಾಠ ಶುರು ಮಾಡಿದೆ. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಒಂದು ಜಾತಿಯ ಚೇಳನ್ನು ಗಮನಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಬೆಳದಿಂಗಳ ರಾತ್ರಿ ಅವು ಹೊರಗೆ ಬರುವುದು ಕಡಿಮೆ, ಬೆಳಕೆಂದರೆ ಬೇಟೆಗಾರರ ಕಣ್ಣಿಗೆ ಬೀಳುವ ಭಯ. ಅದರಲ್ಲೂ ಹೊಟ್ಟೆಯ ಲೆಕ್ಕ ಬೇರೆ: ಹಸಿದದ್ದು ಅಪಾಯ ಮೈಮೇಲೆ ಎಳೆದುಕೊಳ್ಳುತ್ತದೆ, ಉಂಡದ್ದು ಮನೆಯಲ್ಲೇ ಇರುತ್ತದೆ. ಇಷ್ಟು ಹೇಳಿ, ನಮ್ಮ ಎರಡು–ಮೂರು ಅದಕ್ಕೆ ಸರಿಹೊಂದುತ್ತದೆ ಎಂದು ಮುಗಿಸಿದೆ.

ಪಾಟೀಲ ಸರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರು ಸುಮ್ಮನಿದ್ದಾರೆಂದರೆ ಲೆಕ್ಕದಲ್ಲಿ ತಪ್ಪು ಸಿಕ್ಕಿದೆ ಎಂದು ಅರ್ಥ.

"ಅಲ್ರಿ ಸರ್, ನೀವು ಎಣಸಾಕತ್ತಿದ್ದು ಹೊರಗ ಬಂದ ಚೇಳಲ್ಲ. ನಿಮ್ಮ ಟಾರ್ಚಿಗೆ ಕಂಡ ಚೇಳು. ಬೆಳದಿಂಗಳ ಇದ್ದಾಗ ಆ ಹಸಿರು ಹೊಳಪು ಮಬ್ಬಾಗೂದಿಲ್ಲೇನು? ಹಗಲ ದೀಪ ಹಚ್ಚಿ, ಊರಾಗ ದೀಪನ ಇಲ್ಲ ಅಂದಂಗಾತು."

ಮಾತೇ ಹೊರಡಲಿಲ್ಲ. ಹತ್ತು ವರ್ಷದಿಂದ ಮಕ್ಕಳಿಗೆ ವಿಜ್ಞಾನ ಕಲಿಸುವವನಿಗೆ ಇದು ಹೊಳೆಯಬೇಕಿತ್ತು. ಐದು ಮೀಟರ್ ದೂರದಲ್ಲಿ ಅಮಾವಾಸ್ಯೆಗೆ ಕಾಣುವ ಚೇಳು ಹುಣ್ಣಿಮೆಗೆ ಎರಡು ಮೀಟರಿಗೆ ಬಂದರೂ ಕಣ್ಣು ತಪ್ಪಬಹುದು.

ಬಿದಿಗೆ

ಪರಿಹಾರ ಬಾಸಾ ಅವರದು. ನಮ್ಮ ಜಗಳ ಅವರಿಗೆ ಅರ್ಥವಾಗಿದ್ದು ಪಾಟೀಲ ಸರ್ ಅವರ ಧಾರವಾಡದ ಹಿಂದಿಯಲ್ಲಿ, ಆದರೂ ಅರ್ಥವಾಯಿತು. "ಚೇಳನ್ನು ಯಾಕೆ ಎಣಿಸುತ್ತೀರಿ? ಹೆಜ್ಜೆ ಎಣಿಸಿ. ಹೆಜ್ಜೆಗೆ ಚಂದ್ರನ ಹಂಗಿಲ್ಲ, ಬೆಳಗ್ಗೆ ಸೂರ್ಯನ ಬೆಳಕಲ್ಲಿ ನೋಡುವುದು" ಎಂದರು.

ಅವರ ತಂದೆ ಪಗಿಯಾಗಿದ್ದವರಂತೆ. ಪಗಿ ಎಂದರೆ ಹೆಜ್ಜೆ ಓದುವವನು; ಕಳುವಾದ ಒಂಟೆ, ತಪ್ಪಿಸಿಕೊಂಡ ದನ, ರಾತ್ರಿ ಗಡಿ ದಾಟಿದವನು ಎಲ್ಲದಕ್ಕೂ ಮರಳಲ್ಲೇ ಲೆಕ್ಕ ಹುಡುಕುವವನು. ಈಗಲೂ ಗಡಿಯಲ್ಲಿ ಮರಳಿನ ಪಟ್ಟಿಯನ್ನು ಸಮ ಮಾಡಿಟ್ಟು ಬೆಳಗ್ಗೆ ಹೆಜ್ಜೆ ಬಿದ್ದಿದೆಯೇ ಎಂದು ನೋಡುವ ಪದ್ಧತಿ ಇದೆಯಲ್ಲ, ನಾವೂ ಅದನ್ನೇ ಮಾಡುವುದೆಂದಾಯಿತು. ಮನೆಯ ಸೊಸೆಯಿಂದ ಕಸಬರಿಗೆ ಇಸಿದುಕೊಂಡೆವು. ಎರಡು ಅಂಕಣ: ಒಂದು ಫೋಗ ಪೊದೆಯ ಬುಡಕ್ಕೆ ಹತ್ತಿ, ಇನ್ನೊಂದು ಹತ್ತು ಹೆಜ್ಜೆ ಆಚೆ ಬಟ್ಟಬಯಲಲ್ಲಿ. ಎರಡೂ ಎರಡು ಮೀಟರ್ ಚೌಕ. ಮುಸ್ಸಂಜೆಗೆ ಗುಡಿಸಿ ಬರುವುದು, ಬೆಳಗ್ಗೆ ಗಾಳಿ ಏಳುವ ಮೊದಲು ಓದುವುದು.

ಗುಡಿಸುತ್ತಾ ಗುಡಿಸುತ್ತಾ ಬಾಸಾ ಇನ್ನೊಂದು ಮಾತು ಹೇಳಿದರು. ಇಡೀ ಪ್ರವಾಸದಲ್ಲಿ ನಾನು ಪುಸ್ತಕದಲ್ಲಿ ಬರೆದುಕೊಂಡು ಅಡಿಗೆರೆ ಹಾಕಿದ ಮಾತು ಅದೊಂದೇ. ಕಳ್ಳನ ಹೆಜ್ಜೆ ಎಷ್ಟು ಹೊತ್ತಿಗೆ ಬಿದ್ದದ್ದು ಎಂದು ಪಗಿ ಹೇಳುವುದು ಹುಳದಿಂದ. ಹೆಜ್ಜೆಯ ಮೇಲೆ ಜೀರುಂಡೆಯ ಗೆರೆ ಹಾದಿದ್ದರೆ ಕಳ್ಳ ಮುಂಚೆಯೇ ಹೋಗಿದ್ದಾನೆ, ಹುಳ ಆಮೇಲೆ ಬಂದಿದೆ. ಗೆರೆಯ ಮೇಲೆ ಹೆಜ್ಜೆ ಬಿದ್ದಿದ್ದರೆ ಕಳ್ಳ ಬೆಳಗಿನ ಜಾವದವನು, ಓಡಿದರೆ ಸಿಗುತ್ತಾನೆ. "ಆದರೆ ಚಾಂದನಿಯಲ್ಲಿ ಈ ಗಡಿಯಾರ ನಂಬಬೇಡ ಅಂತ ಅಪ್ಪ ಹೇಳೋರು. ಬೆಳದಿಂಗಳಿದ್ದರೆ ಹುಳ ಬಯಲಿಗೆ ಬರೋದಿಲ್ಲ, ಪೊದೆ ಪೊದೆಯಲ್ಲೇ ಓಡಾಡುತ್ತೆ. ಹೆಜ್ಜೆ ಮೇಲೆ ಗೆರೆ ಇಲ್ಲ ಅಂತ ಬೆಳಗಿನದು ಅಂದ್ಕೊಂಡರೆ ಕಳ್ಳ ಅಷ್ಟೊತ್ತಿಗೆ ಸಿಂಧ್ ಸೇರಿರ್ತಾನೆ."

ಇಲ್ಲಿ ಒಂಟೆ ಕಳೆದುಕೊಂಡವರು ಇದನ್ನು ಒಂಟೆಯ ಬೆಲೆ ತೆತ್ತು ಕಲಿತಿದ್ದಾರೆ. ನಾನು ಟಾರ್ಚಿಗೆ ಕೊಟ್ಟ ದುಡ್ಡು ಯಾಕೋ ನೆನಪಾಯಿತು.

ಚಂದ್ರ ಬಂದದ್ದು ಏಳೂ ಇಪ್ಪತ್ತಕ್ಕೆ. ಟಾರ್ಚಿನ ಲೆಕ್ಕ ಮೂರು.

ತದಿಗೆ

ಬೆಳಗ್ಗೆ ಆರಕ್ಕೇ ಎದ್ದು ಓಡಿದೆವು. ಪೊದೆಯ ಅಂಕಣದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಬರಹ. ಜೀರುಂಡೆಯ ಗೆರೆ ಗೊಂಬೆಯ ಟ್ರಾಕ್ಟರ್ ಹೋದ ಹಾಗೆ, ಎರಡು ಕಡೆ ಒತ್ತೊತ್ತಾಗಿ ಚುಕ್ಕೆ. ಮರಳಿಲಿಯದು ಜೋಡಿ ಜೋಡಿ ಪಾದ, ನಡುವೆ ನೆಗೆತದ ಖಾಲಿ ಜಾಗ. ಚೇಳಿನದು ಎಡಕ್ಕೆ ಮೂರೋ ನಾಲ್ಕೋ ಓರೆ ಚುಕ್ಕೆ, ಬಲಕ್ಕೆ ಅಷ್ಟೇ, ಮತ್ತೆ ಎಡಕ್ಕೆ. ಬಾಲದ ಗೆರೆ ಇರುತ್ತದೆಂದು ಹುಡುಕುತ್ತಿದ್ದೆ. ಬಾಸಾ ನಕ್ಕು, ಅದು ಬಾಲ ಎತ್ತಿಕೊಂಡೇ ನಡೆಯುತ್ತದಲ್ಲ ಎಂದರು. ಎರಡು ಚೇಳಿನ ಹೆಜ್ಜೆ ಲೆಕ್ಕಕ್ಕೆ ಸಿಕ್ಕವು. ಬಯಲ ಅಂಕಣದಲ್ಲಿ ಒಂದು ಜೀರುಂಡೆ ಅಡ್ಡ ಹಾದದ್ದು ಬಿಟ್ಟರೆ ಕಸಬರಿಗೆಯ ಗೀರು ಹಾಗೇ ಇತ್ತು.

ಹಗಲು ಬಿಸಿಲಿಗೆ ಹೆದರಿ ದನದ ಚಪ್ಪರದಲ್ಲೇ ಕಳೆದೆವು. ಅಲ್ಲಿ ಹುಡಿಮಣ್ಣಿನಲ್ಲಿ ಸಾಲು ಸಾಲು ಗುಣಿ: ಇರುವೆ ಜಾರಿ ಬೀಳಲೆಂದು ಆಲಿಕೆಯ ಆಕಾರದಲ್ಲಿ ಗುಣಿ ತೋಡಿ ತಳದಲ್ಲಿ ಕೂರುವ ಹುಳ, ನಾವು ಚಿಕ್ಕವರಿದ್ದಾಗ ಗುಡಿಯ ಕಟ್ಟೆಯ ಸಂದಿಯಲ್ಲಿ ಕಡ್ಡಿ ಆಡಿಸಿ ಮೇಲೆ ತರುತ್ತಿದ್ದದ್ದು. ಇರುವೆ ಸಿಂಹ ಎನ್ನುತ್ತಾರಲ್ಲ, ಅದೇ. ಇದರ ಚಾಳಿ ಚೇಳಿನದಕ್ಕೆ ತಿರುವುಮುರುವು. ದಕ್ಷಿಣ ಆಫ್ರಿಕಾದ ಒಂದು ಜಾತಿಯ ಬಗ್ಗೆ 1969ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹುಣ್ಣಿಮೆಯ ಸುಮಾರಿಗೆ ಗುಣಿ ದೊಡ್ಡದು, ಅಮಾವಾಸ್ಯೆಗೆ ಚಿಕ್ಕದು. ಚಂದ್ರನೇ ಕಾಣದ ಹಾಗೆ ಪ್ರಯೋಗಾಲಯದಲ್ಲಿ ಕೂಡಿಹಾಕಿದರೂ ಆ ತಾಳ ತಪ್ಪಲಿಲ್ಲ. ಅಂದರೆ ಹುಳ ಮೇಲೆ ನೋಡಿ ತೋಡುವುದಿಲ್ಲ. ಚಂದ್ರನ ದಿನ ಅದರ ಒಳಗೇ ಇದೆ. ಚಂದ್ರನ ದಿನ ನಮ್ಮದಕ್ಕಿಂತ ಸುಮಾರು 50 ನಿಮಿಷ ಉದ್ದ, ಅದಕ್ಕೇ ಅವನು ದಿನಾ ತಡ. "ಮತ್ತ ನಿನ್ನೆ ಮೊನ್ನೆ ನಲವತ್ತು ನಿಮಿಷಕ್ಕ ಬಂದನಲ್ರಿ?" ಎಂದು ಪಾಟೀಲ ಸರ್. ಶರತ್ಕಾಲದ ಹುಣ್ಣಿಮೆಯ ಆಸುಪಾಸಿನಲ್ಲಿ ಚಂದ್ರನ ಹಾದಿ ದಿಗಂತಕ್ಕೆ ಓರೆಯಾಗಿರುವುದರಿಂದ ತಡ ಕಡಿಮೆ, ಆಮೇಲಾಮೇಲೆ ಹೆಚ್ಚುತ್ತದೆ. ಅದನ್ನು ನನಗಿಂತ ಅವರೇ ಚೆನ್ನಾಗಿ ಮರಳಲ್ಲಿ ಗೀಚಿ ತೋರಿಸಿದರು. ಆಮೇಲೆ ಪಟ್ಟಿ ಹಿಡಿದು ಹನ್ನೊಂದು ಗುಣಿ ಅಳೆದರು. ಮಧ್ಯಾಹ್ನ ಆಡು ತುಳಿದು ಏಳನ್ನು ಹಾಳು ಮಾಡಿದವು, ಸಂಶೋಧನೆ ಅಲ್ಲಿಗೆ ನಿಂತಿತು.

ರಾತ್ರಿ ಗಾಳಿ. ಎಂಟರವರೆಗೆ ಚಂದ್ರನಿಲ್ಲ, ಅರ್ಧ ಗಂಟೆ ನಿಜವಾದ ಕತ್ತಲೆ ಸಿಕ್ಕಿತ್ತು, ಆದರೆ ಮರಳು ಕಣ್ಣಿಗೆ ಹೊಡೆಯುತ್ತಿತ್ತು. ಒಂದೇ ಚೇಳು. ಕತ್ತಲೆಯಿದ್ದರೆ ಸಾಲದು, ಗಾಳಿಯ ರಾತ್ರಿ ಮರಳೆಲ್ಲ ತಾನೇ ನಡುಗುವಾಗ ಬೇಟೆಯ ನಡುಕ ಅದಕ್ಕೆ ಹೇಗೆ ಗೊತ್ತಾಗಬೇಕು? ಅಂಕಣಗಳೂ ಬೆಳಗ್ಗೆಗೆ ಖಾಲಿ ಸ್ಲೇಟು.

ಒಂದು ಲಾಭವಾಯಿತು. ಗಾಳಿಗೆ ಮರೆಯಾಗಿ ಕೂತಿದ್ದಾಗ ಒಂಟೆಯ ಹಿಕ್ಕೆಯ ಹತ್ತಿರ ಸಗಣಿ ಹುಳವೊಂದು ಗುಂಡು ಉರುಳಿಸಿಕೊಂಡು ಹೊರಟಿತು. ನೆಲ ಏರಲಿ ಇಳಿಯಲಿ, ಹಾದಿ ನೂಲು ಹಿಡಿದಂತೆ ನೇರ. ಆಫ್ರಿಕಾದ ಒಂದು ಜಾತಿ ಚಂದ್ರನ ಸುತ್ತ ಆಕಾಶದಲ್ಲಿ ಮೂಡುವ ಧ್ರುವೀಕೃತ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ, ಬೆಳಕಿನ ವಿನ್ಯಾಸ ನೋಡಿ ದಾರಿ ನೇರ ಇಟ್ಟುಕೊಳ್ಳುತ್ತದೆಂದು 2003ರಲ್ಲಿ ತೋರಿಸಿದರು. ಇನ್ನೊಂದಕ್ಕೆ ಚಂದ್ರನಿಲ್ಲದಾಗ ಆಕಾಶಗಂಗೆಯೇ ಸಾಕು. 2013ರಲ್ಲಿ ಅದನ್ನು ಪ್ರಕಟಿಸಿದವರು ಹುಳವನ್ನು ಜೊಹಾನ್ಸ್‌ಬರ್ಗಿನ ತಾರಾಲಯದೊಳಗೆ ಬಿಟ್ಟು ಪರೀಕ್ಷಿಸಿದ್ದರು. ನಮ್ಮ ಹುಳ ಯಾವುದನ್ನು ನೋಡುತ್ತಿತ್ತೋ, ಪಾಟೀಲ ಸರ್ ಚಪ್ಪಲಿಗೆ ಡಿಕ್ಕಿ ಹೊಡೆದು ಸುತ್ತು ಹಾಕಿ ಮತ್ತೆ ಅದೇ ದಿಕ್ಕು ಹಿಡಿಯಿತು.

ಚೌತಿ

ಇವತ್ತು ಕರ್ವಾ ಚೌತ್. ಮನೆಯ ಸೊಸೆ ಬೆಳಗಿನಿಂದ ನೀರೂ ಮುಟ್ಟಿಲ್ಲ; ಚಂದ್ರ ಮೂಡಿದ ಮೇಲೆ ಜರಡಿಯ ಹಿಂದಿನಿಂದ ಅವನನ್ನು ನೋಡಿ, ಅರ್ಘ್ಯ ಕೊಟ್ಟೇ ಉಪವಾಸ ಬಿಡುವುದು. ಅವನು ಬರುವುದು ಎಂಟೂ ನಲವತ್ತರ ಮೇಲೆ. ಏಳೂವರೆಗೆಲ್ಲ ಆಕಾಶ ಪೂರ್ತಿ ಕಪ್ಪಾಗುತ್ತದೆ. ಒಂದು ಗಂಟೆ ಹತ್ತು ನಿಮಿಷದ ಅಪ್ಪಟ ಕತ್ತಲೆ, ಗಾಳಿಯೂ ಇಲ್ಲ. ಮನೆಯವರೆಲ್ಲ ಚಂದ್ರ ಬೇಗ ಬರಲಿ ಎಂದು ಬೇಡುತ್ತಿದ್ದರೆ ಅತಿಥಿಗಳಿಬ್ಬರು ತಡವಾಗಲಿ ಎಂದು ಬೇಡುತ್ತಿದ್ದೆವು. ಅನ್ನ ಹಾಕಿದವರ ಮನೆಗೆ ಬಗೆಯುವ ದ್ರೋಹ ಇದಕ್ಕಿಂತ ಬೇರೆ ಇದೆಯೇ?

ಅದೇ ಇನ್ನೂರು ಹೆಜ್ಜೆ, ಹನ್ನೊಂದು ಚೇಳು. ಏಳು ಬಯಲಲ್ಲಿ.

ಒಂದರ ಮುಂದೆ ಕೂತೆ, ಟಾರ್ಚಿಗೆ ಕರ್ಚೀಫು ಸುತ್ತಿ ಬೆಳಕು ತಗ್ಗಿಸಿದೆ. ನನ್ನ ಕಿರುಬೆರಳಿನಷ್ಟು ಉದ್ದ, ಹಗಲಲ್ಲಿ ಮರಳಿನದೇ ಬಣ್ಣ ಇರಬೇಕು. ಕೊಂಡಿ ಕೈಗಳನ್ನು ತೆರೆದಿಟ್ಟುಕೊಂಡು, ಎಂಟು ಕಾಲು ಸುತ್ತ ಹರವಿಕೊಂಡು, ಅಲ್ಲಾಡದೆ ನಿಂತಿತ್ತು. ಹತ್ತು ನಿಮಿಷವಾಯಿತು. ನನ್ನ ಮಂಡಿ ನೋಯತೊಡಗಿತು, ಅದರದು ನೋಯಲಿಲ್ಲ. ಒಂದು ಗೇಣು ಆಚೆ ಚಿಕ್ಕ ಮಿಡತೆಯೊಂದು ಇಳಿದು ಕಾಲೆತ್ತಿ ಇಟ್ಟಿತು. ನನಗೆ ಯಾವ ಸದ್ದೂ ಇಲ್ಲ. ಚೇಳು ಇದ್ದಲ್ಲೇ ಗಕ್ಕನೆ ಅತ್ತ ತಿರುಗಿತು. ಮಿಡತೆ ಇನ್ನೊಂದು ಹೆಜ್ಜೆ ಇಟ್ಟಿತು. ಚೇಳು ಇನ್ನಷ್ಟು ಸರಿಮಾಡಿಕೊಂಡಿತು, ಆಮೇಲೆ ಓಡಿತು. ನೋಡಿದ್ದಲ್ಲ, ಕೇಳಿದ್ದೂ ಅಲ್ಲ. ಕಾಲಿನ ತುದಿಯ ಹತ್ತಿರವಿರುವ ಸೀಳುಗಳಂಥ ಇಂದ್ರಿಯಗಳು ಮರಳಿನ ಕಂಪನವನ್ನು ಹಿಡಿಯುತ್ತವೆ. ಯಾವ ಕಾಲಿಗೆ ಮೊದಲು ಮುಟ್ಟಿತೆಂಬ ಸಾವಿರದ ಒಂದು ಪಾಲು ಸೆಕೆಂಡಿನ ವ್ಯತ್ಯಾಸದಲ್ಲೇ ದಿಕ್ಕು ಸಿಗುತ್ತದೆ. ಕ್ಯಾಲಿಫೋರ್ನಿಯಾದ ಮರುಭೂಮಿ ಚೇಳುಗಳ ಮೇಲೆ 1970ರ ದಶಕದಲ್ಲೇ ಇದನ್ನು ಕಂಡುಕೊಂಡಿದ್ದಾರೆ. ಬೇಟೆಗೆ ಬೆಳಕೇ ಬೇಡದ ಪ್ರಾಣಿ ಇದು. ಬೆಳಕಿನಿಂದ ಅದಕ್ಕಿರುವುದು ಬರೀ ನಷ್ಟ.

ಹಾಗಾದರೆ ಹೊಳೆಯುವುದೇಕೆ? ಓಕ್ಲಹೋಮಾದ ಸಂಶೋಧಕರ ಒಂದು ಊಹೆ ನನಗೆ ಹಿಡಿಸಿದೆ. ಚೇಳಿನ ಕಣ್ಣು ಹಸಿರಿಗೆ ಬಹಳ ಸೂಕ್ಷ್ಮ. ಆಕಾಶದ ನೇರಳಾತೀತವನ್ನು ಮೈ ಹಸಿರಾಗಿ ಬದಲಿಸಿದರೆ, ಇಡೀ ಮೈಯೇ ಒಂದು ಕಣ್ಣಿನ ಹಾಗೆ, ನಾನು ಬಯಲಲ್ಲಿದ್ದೇನೋ ಮರೆಯಲ್ಲಿದ್ದೇನೋ ಎಂದು ಅಳೆಯುವ ಉಪಕರಣ. ಒಂದು ಹುಲ್ಲಿನ ಎಸಳು ನೆರಳು ಕೊಟ್ಟರೂ ಅದಕ್ಕೆ ತಿಳಿಯಬೇಕು. ಇದು ಇನ್ನೂ ಊಹೆ, ಎಲ್ಲರೂ ಒಪ್ಪಿಲ್ಲ.

"ಚಾಂದ್ ಊಗ್ಯೋ!" ದಿಬ್ಬದ ನೆತ್ತಿಯಲ್ಲಿ ಕಾಯುತ್ತಿದ್ದ ಹುಡುಗರ ಕೂಗು. ಅಂಗಳದಲ್ಲಿ ಬಳೆಯ ಸದ್ದು, ಜರಡಿ, ನಗು. ಪೂರ್ವದಲ್ಲಿ ಸವೆದ ಚಂದ್ರ ಕೆಂಪಗೆ. ನಾವು ಒಂಬತ್ತೂವರೆಗೆ ಮತ್ತೊಮ್ಮೆ ಹೋದೆವು: ಐದು, ಬಯಲಲ್ಲಿ ಒಂದೇ.

"ಈಗ ಟಾರ್ಚಿನ ತಪ್ಪೋ ಚಂದ್ರನ ತಪ್ಪೋ?" ಎಂದೆ.

"ಬೆಳಿಗ್ಗೆ ಮರಳ ಹೇಳತದ ತಗೋರಿ" ಎಂದರು ಪಾಟೀಲ ಸರ್. ಆಮೇಲೆ ತಮಗೇ ಎಂಬಂತೆ, ಅಷ್ಟಮಿಯ ಅರ್ಧಚಂದ್ರನ ಬೆಳಕು ಹುಣ್ಣಿಮೆಯ ಅರ್ಧವಲ್ಲ, ಹತ್ತರಲ್ಲೊಂದು ಪಾಲಿನ ಹತ್ತಿರ ಮಾತ್ರ ಎಂದು ನಾನು ರೈಲಿನಲ್ಲಿ ಹೇಳಿದ್ದನ್ನು ನೆನೆದು, ಹಾಗಾದರೆ ಇನ್ನು ನಾಲ್ಕು ದಿನ ಇದ್ದಿದ್ದರೆ ಚೆನ್ನಿತ್ತು ಎಂದರು. ಹುಣ್ಣಿಮೆಗೆ ಟಿಕೆಟ್ ಮಾಡಿಸಿದವರ ಬಾಯಲ್ಲಿ ಈ ಮಾತು.

ಪಂಚಮಿ

ಬೆಳಗ್ಗೆ ಬಯಲ ಅಂಕಣದಲ್ಲಿ ನಾಲ್ಕು ಚೇಳಿನ ಹೆಜ್ಜೆ, ಜೀರುಂಡೆ ಒಂಬತ್ತು. ಬಿದಿಗೆಯ ರಾತ್ರಿ ಇಲ್ಲಿ ಚೇಳು ಒಂದೂ ಇರಲಿಲ್ಲ, ಜೀರುಂಡೆ ಒಂದೇ. "ಎರಡ ರಾತ್ರಿ ಲೆಕ್ಕದಾಗ ಏನೂ ಸಾಬೀತಾಗೂದಿಲ್ಲ" ಎಂದು ಹೇಳುತ್ತಲೇ ಪಾಟೀಲ ಸರ್ ಅದನ್ನು ಕೆಂಪು ಮಸಿಯಲ್ಲಿ ಬರೆದುಕೊಂಡರು.

ನನ್ನ ಬೂಟಿನಲ್ಲಿ ಚೇಳಿತ್ತು. ಬಾಸಾ ಅವರ ಮೊಮ್ಮಗ ಅಭ್ಯಾಸಬಲದಿಂದ ತಲೆಕೆಳಗೆ ಮಾಡಿ ಕೊಡವಿ ಕೊಟ್ಟದ್ದಕ್ಕೆ ಈ ಬರಹ ಬರೆಯುತ್ತಿದ್ದೇನೆ. ಚೇಳು ಕಡಿದರೆ ಮಂತ್ರ, ಸುಣ್ಣ ಎಂದು ಹೊತ್ತು ಕಳೆಯದೆ ಆಸ್ಪತ್ರೆಗೆ ಓಡಬೇಕು. ನಮ್ಮ ಬಯಲುಸೀಮೆಯ ಕೆಂಪು ಚೇಳಿನ ವಿಷಕ್ಕೆ ರಕ್ತದೊತ್ತಡದ ಪ್ರಾಜೋಸಿನ್ ಮಾತ್ರೆ ಜೀವ ಉಳಿಸುತ್ತದೆಂದು ತೋರಿಸಿಕೊಟ್ಟವರು ಮಹಾರಾಷ್ಟ್ರದ ಮಹಾಡಿನ ಡಾ. ಹಿಮ್ಮತರಾವ್ ಬಾವಸ್ಕರ್, ಪಕ್ಕದ ರಾಜ್ಯದ ಸಣ್ಣ ಊರಿನ ವೈದ್ಯರ ಕೆಲಸ ಜಗತ್ತಿನ ಉಪಯೋಗಕ್ಕೆ ಬಂದಿದೆ, ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಕೊನೆಯ ರಾತ್ರಿ. ಚಂದ್ರ ಬಂದದ್ದು ಒಂಬತ್ತೂ ನಲವತ್ತಕ್ಕೆ. ಎರಡು ಗಂಟೆಗೂ ಮಿಕ್ಕಿ ಕತ್ತಲೆ, ಹದಿನಾಲ್ಕು ಚೇಳು, ಹುಲ್ಲಿನ ಮೇಲೆ ಹೆಸರು ಹಾಕಲಾಗದಷ್ಟು ಬಗೆಯ ಜೇಡ, ಮತ್ತೆ ಒಂದು ಒಂಟೆ ಜೇಡ ಕಾಲಿನ ಪಕ್ಕದಲ್ಲೇ ಗಾಳಿ ಹೊಡೆದಂತೆ ಓಡಿಹೋಯಿತು. ಟಾರ್ಚಿನ ಬ್ಯಾಟರಿ ಮುಗಿಯಿತು. ಮರಳ ಮೇಲೆ ಮಲಗಿದೆವು. ಸುತ್ತ ಹದಿನಾಲ್ಕು ಚೇಳಿವೆ ಎಂದು ಗೊತ್ತಿದ್ದೂ ಮಲಗಿದ್ದು ಜಾಣತನವಲ್ಲ.

ಬೆಳಗ್ಗೆ ಜೀಪಿನವನು ಹಾರ್ನ್ ಹೊಡೆಯುತ್ತಿದ್ದ, ನಾವು ಮೂವರೂ ಬಯಲ ಅಂಕಣದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆವು. ಪೊದೆಯ ಕಡೆಯಿಂದ ಚೇಳಿನ ಹೆಜ್ಜೆ ಬಂದಿದೆ. ಮೂರು ಚುಕ್ಕೆ, ನಾಲ್ಕು ಚುಕ್ಕೆ, ನಿಂತ ಗುರುತು, ಮತ್ತೆ ನಡಿಗೆ. ಅಂಕಣದ ನಡುವೆ ಎಡಕ್ಕೂ ಬಲಕ್ಕೂ ಬೀಸಣಿಗೆಯ ಹಾಗೆ ಗರಿಗಳ ಅಚ್ಚು, ನಡುವೆ ಒಂದು ಸಣ್ಣ ಗುಳಿ. ಆಮೇಲೆ ಚೇಳಿನ ಹೆಜ್ಜೆ ಇಲ್ಲ.

"ಚಂದ್ರ ಬಂದ ಮ್ಯಾಲ ಆಗಿರಬೇಕು. ಗೂಬಿಗೆ ಕಾಣಬೇಕಲ್ಲ" ಎಂದರು ಪಾಟೀಲ ಸರ್. ನನಗೂ ಹಾಗೇ ಅನ್ನಿಸಿತ್ತು; ಆರು ದಿನದಿಂದ ಹೇಳುತ್ತಾ ಬಂದದ್ದಕ್ಕೆ ಅದೇ ಚೆನ್ನಾಗಿ ಕೂರುತ್ತಿತ್ತು.

ಬಾಸಾ ಏನೂ ಹೇಳದೆ ಬಲಗಡೆಯ ರೆಕ್ಕೆಯ ಅಚ್ಚಿನ ಕಡೆ ಬೆರಳು ತೋರಿಸಿದರು. ಗರಿಗಳ ಗುರುತಿನ ಮೇಲೆ, ಅದನ್ನು ಅಡ್ಡ ಕತ್ತರಿಸಿಕೊಂಡು, ಜೀರುಂಡೆಯ ಎರಡು ಚುಕ್ಕೆ ಸಾಲು ಹಾದುಹೋಗಿತ್ತು. ಸ್ವಲ್ಪ ಮೇಲೆ ಇನ್ನೊಂದು. ಅದರಾಚೆ ಮತ್ತೊಂದು.

"ಮುಂಚೆಯೇ" ಎಂದರು. "ಕತ್ತಲಲ್ಲೇ."

ಪಾಟೀಲ ಸರ್ ಪುಸ್ತಕ ತೆಗೆದರು, ಪೆನ್ನಿನ ಮುಚ್ಚಳ ತೆಗೆದರು, ಏನೂ ಬರೆಯದೆ ಮತ್ತೆ ಹಾಕಿದರು. ಜೀಪಿನವನು ಇನ್ನೊಮ್ಮೆ ಹಾರ್ನ್ ಹೊಡೆದ. ಸೊಸೆಗೆ ಕಸಬರಿಗೆ ಕೊಡುವುದು ಮರೆತು ಅದನ್ನು ಹಿಡಿದುಕೊಂಡೇ ಜೀಪು ಹತ್ತಿದ್ದೆ; ಹುಡುಗ ಓಡಿ ಬಂದು ಇಸಿದುಕೊಂಡ.